ಎರಡು ಪರ್ಸೆಂಟ್ ಅವರಿಗೆ ಹಿನಕಲ್‌ನಿಂದ ಒಂದು ಪತ್ರ

ಇವರಿಗೆ,
ಶ್ರೀಮಾನ್ ಎರಡು ಪರ್ಸೆಂಟ್ ಅವರು,
ಜಿಡಿಪಿ ವಂಶ, ಸಂಶೋಧನೆ ಮತ್ತು ಅಭಿವೃದ್ಧಿ ಶಾಖೆ,
ದೆಹಲಿಯ ಯಾವ ಕಡತದಲ್ಲಿದ್ದರೂ ಅಲ್ಲಿಗೆ.

ಮಾನ್ಯರೇ,

ಉಭಯ ಕುಶಲೋಪರಿ. ನಮ್ಮ ಕುಶಲ ಸಾಧಾರಣ. ತಮ್ಮ ಕುಶಲ ವಿಚಾರಿಸೋಣವೆಂದರೆ ವಿಳಾಸವೇ ಸಿಗಲಿಲ್ಲ, ಅದಕ್ಕೇ ಈ ಪತ್ರ ಬಹಿರಂಗ. ತಾವು ಯಾರೆಂದು ತಿಳಿಯದ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ: ದೇಶ ನೂರು ರೂಪಾಯಿ ದುಡಿದರೆ ಅದರಲ್ಲಿ ಸಂಶೋಧನೆಗೆಂದು ಎತ್ತಿಡಬೇಕಾದ ಎರಡು ರೂಪಾಯಿಯೇ ತಾವು. 2003ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ವಾಜಪೇಯಿಯವರು ಬಿಡುಗಡೆ ಮಾಡಿದ ನೀತಿಯಲ್ಲಿ ತಮ್ಮ ಆಗಮನದ ಮುಹೂರ್ತ ಗೊತ್ತಾಗಿತ್ತು: ಹತ್ತನೇ ಯೋಜನೆ ಮುಗಿಯುವುದರೊಳಗೆ, ಎಂದರೆ 2007ಕ್ಕೆ. ಬರಲಿಲ್ಲ. 2013ರಲ್ಲಿ ಕೋಲ್ಕತ್ತದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಮನಮೋಹನ ಸಿಂಗ್ ಅವರ ಸರ್ಕಾರ ಇನ್ನೊಂದು ನೀತಿ ತಂದಿತು, ಅದರಲ್ಲೂ ತಾವೇ ಮುಖ್ಯ ಅತಿಥಿ. ಆಗಲೂ ಬರಲಿಲ್ಲ. ಪಕ್ಷ ಯಾವುದಾದರೇನು, ತಮ್ಮ ಮೇಲಿನ ಭಕ್ತಿಯಲ್ಲಿ ಎಲ್ಲರೂ ಒಂದೇ.

ತಮಗೆಂದು ಗುಡಿಸಿ ಸಾರಿಸಿಟ್ಟ ಕೋಣೆಯಲ್ಲಿ ಅರವತ್ನಾಲ್ಕು ಪೈಸೆಯವರು ಮಲಗಿದ್ದಾರೆ. 2020-21ರ ಸರ್ಕಾರಿ ಲೆಕ್ಕವೇ ಅಷ್ಟು: ಜಿಡಿಪಿಯ ಶೇ. 0.64. ದಕ್ಷಿಣ ಕೊರಿಯಾದವರು ಐದು ರೂಪಾಯಿ ಹತ್ತಿರ ಎತ್ತಿಡುತ್ತಾರೆ, ಚೀನಾದವರು ಎರಡೂವರೆ. ನಮ್ಮ ರಾಜ್ಯದಲ್ಲೂ ತಮ್ಮ ದಾಯಾದಿಯೊಬ್ಬರ ಹೆಸರು ಕೇಳಿಬಂದಿತ್ತು, ನಲವತ್ತು ಪರ್ಸೆಂಟ್ ಕಮಿಷನ್ ಎಂದು. ಗುತ್ತಿಗೆದಾರರು ದೂರಿದ ಮೇಲೆ ಚುನಾವಣೆಯ ಪೋಸ್ಟರಿಗೂ ಏರಿದರು. ಅವರನ್ನು ಯಾವ ನೀತಿಯೂ ಕರೆದಿರಲಿಲ್ಲ. ಆದರೂ ಕರಾರುವಾಕ್ಕಾಗಿ ಬರುತ್ತಿದ್ದರಂತೆ.

ಹಿನಕಲ್ ಎಂದರೆ ಮೈಸೂರಿನಿಂದ ಹುಣಸೂರು ರಸ್ತೆಯಲ್ಲಿ ಹೊರಟವರಿಗೆ ವರ್ತುಲ ರಸ್ತೆ ಅಡ್ಡ ಸಿಗುವ ಜಾಗ. ನನ್ನೇಶ್ವರನ ಹಳೆಯ ಗುಡಿಯಿದೆ, ಕೆರೆಯಿದೆ, ಹೊಲವಿದ್ದ ಕಡೆಯೆಲ್ಲ ಬಡಾವಣೆಯಿದೆ. ಪಂಚಾಯಿತಿಯಾಗಿದ್ದವರು ಹೂಟಗಳ್ಳಿ ನಗರಸಭೆಗೆ ಸೇರಿದೆವು. ವಿಜ್ಞಾನದ ಮಟ್ಟಿಗೆ ನಮ್ಮಂಥ ಭಾಗ್ಯವಂತರಿಲ್ಲ. ಒಂದು ಕಡೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಇನ್ನೊಂದು ಕಡೆ ಹೆಬ್ಬಾಳ ಕೈಗಾರಿಕಾ ಪ್ರದೇಶ, ಇನ್ಫೋಸಿಸ್ ಕ್ಯಾಂಪಸ್ಸು. ಪೇಟೆಯ ದಾರಿ ಹಿಡಿದರೆ ಚೆಲುವಾಂಬ ಅರಮನೆಯಲ್ಲಿ 1950ರಿಂದ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ. ಶ್ರೀರಾಂಪುರದಲ್ಲಿ ರೇಷ್ಮೆ ಸಂಶೋಧನಾ ಸಂಸ್ಥೆ. ಸೈನಿಕರ ಊಟದ ಮೇಲೆ ಸಂಶೋಧನೆ ಮಾಡುವ ಡಿಎಫ್‌ಆರ್‌ಎಲ್ ಬೇರೆ. 1984ರಲ್ಲಿ ರಾಕೇಶ್ ಶರ್ಮ ಅಂತರಿಕ್ಷಕ್ಕೆ ಹೊರಟಾಗ ಬುತ್ತಿ ಕಟ್ಟಿಕೊಟ್ಟದ್ದು ಅದೇ. ಯಲವಾಳದ ಕಡೆ ರತ್ನಹಳ್ಳಿಯಲ್ಲಿ ಅಣುಶಕ್ತಿ ಇಲಾಖೆಯ ಸ್ಥಾವರವೂ ಇದೆ. ಅದರೊಳಗೆ ಏನು ನಡೆಯುತ್ತದೆಂದು ಕೇಳಬಾರದು, ನಾವು ಕೇಳಿಲ್ಲ. ಇಷ್ಟೆಲ್ಲದರ ನಡುವೆ ಕೂತ ನಮ್ಮ ಕೆರೆಗೆ ಇಳಿಯುವ ಚರಂಡಿ ನೀರನ್ನು ಏನು ಮಾಡಬೇಕೆಂಬುದು ಮಾತ್ರ ಯಾರ ಸಂಶೋಧನೆಯ ವಿಷಯವೂ ಅಲ್ಲ. ಅಂತರಿಕ್ಷದಲ್ಲಿ ಚರಂಡಿ ಇಲ್ಲದಿರುವುದು ಇದಕ್ಕೆ ಕಾರಣವಿರಬಹುದು.

2016ರ ಜನವರಿಯಲ್ಲಿ ತಾವು ನಮ್ಮ ಪಕ್ಕಕ್ಕೇ ಬರುತ್ತೀರೆಂದು ಆಸೆಯಿಟ್ಟಿದ್ದೆವು. 103ನೇ ವಿಜ್ಞಾನ ಕಾಂಗ್ರೆಸ್ ನಡೆದದ್ದು ಮಾನಸಗಂಗೋತ್ರಿಯಲ್ಲೇ. ಪ್ರಧಾನಿಯವರು ಬಂದು ಇಂಗ್ಲಿಷಿನ 'ಇ'ಯಿಂದ ಶುರುವಾಗುವ ಐದು ಪದಗಳ ಮಂತ್ರ ಹೇಳಿಕೊಟ್ಟರು, ಈ ದೇಶದಲ್ಲಿ ವಿಜ್ಞಾನ ಮಾಡುವುದನ್ನು ಸುಲಭ ಮಾಡುತ್ತೇವೆಂದರು. ಆಮೇಲೆ ಗೋಷ್ಠಿಗಳು. ಐಎಎಸ್ ಅಧಿಕಾರಿಯೊಬ್ಬರು ಶಂಖ ಊದಿ ಅದರಿಂದ ಆರೋಗ್ಯಕ್ಕೆ ಏನೇನು ಲಾಭವೆಂದು ವಿವರಿಸಿದರು. ಶಿವನೇ ಪರಮ ಪರಿಸರವಾದಿ ಎಂಬ ಪ್ರಬಂಧ ಪಟ್ಟಿಯಲ್ಲಿತ್ತು. ಮಂಡಿಸಬೇಕಾದವರು ಬರಲಿಲ್ಲ, ಆ ಮಟ್ಟಿಗೆ ತಮಗೆ ಜೊತೆಗಾರರಾದರು. (ನನ್ನೇಶ್ವರನ ಊರಿನವನಾಗಿ ಶಿವನ ಪರಿಸರ ಕಾಳಜಿಯ ಬಗ್ಗೆ ನನ್ನ ತಕರಾರಿಲ್ಲ. ಅವನಿಗೆ ನಮ್ಮ ಕೆರೆಯನ್ನು ಒಮ್ಮೆ ತೋರಿಸಬಹುದಿತ್ತು.) ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಅದೇ ವಾರ ವಿಜ್ಞಾನ ಕಾಂಗ್ರೆಸ್ಸನ್ನು ಸರ್ಕಸ್ ಎಂದರು. ನನಗೆ ಇದು ಅನ್ಯಾಯವೆನಿಸಿತು. ಸರ್ಕಸ್ಸಿನಲ್ಲಿ ಒಬ್ಬ ಜಿಗಿದರೆ ಇನ್ನೊಬ್ಬ ಕೈ ಹಿಡಿಯುತ್ತಾನೆ.

ಆ ಹಿಡಿಯುವ ಕೈ ಮೈಸೂರಿಗೆ ಒಂದು ಕಾಲಕ್ಕೆ ಇತ್ತು ಎಂದು ನೆನಪಿಸುವುದಕ್ಕೇ ಈ ಪತ್ರ. 1914ರಲ್ಲಿ ಯುದ್ಧ ಶುರುವಾಯಿತು. ಅಲ್ಲಿಯವರೆಗೆ ನಮ್ಮ ಶ್ರೀಗಂಧದ ಕೊರಡು ಯುರೋಪಿಗೆ, ಬಹುಪಾಲು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ದಾರಿ ಮುಚ್ಚಿತು, ಮರ ಗೋದಾಮಿನಲ್ಲಿ ಬಿತ್ತು, ಖಜಾನೆಗೆ ಪೆಟ್ಟು. ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರ ಸಮಿತಿಯ ಮೇಲೆ ಸಮಿತಿ ಕೂರಿಸಲಿಲ್ಲ. ಹಿಂದೆ ಜಾಗ ಕೊಟ್ಟು ನಿಲ್ಲಿಸಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಡೆ ತಿರುಗಿ, ಇಲ್ಲೇ ಎಣ್ಣೆ ತೆಗೆಯಲು ಆಗುತ್ತದೆಯೇ ಎಂದು ಕೇಳಿತು. ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಮಾಡಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು, 1918ಕ್ಕೆ ಸಾಬೂನು ಕಾರ್ಖಾನೆಯೂ ಬಂತು. ಯುದ್ಧದಿಂದ ಸಾಬೂನಿಗೆ ನಾಲ್ಕು ವರ್ಷ. 2020ರ ಕೊನೆಗೆ ಹೊರಬಂದ ಐದನೇ ವಿಜ್ಞಾನ ನೀತಿಯ ಕರಡು ಅಷ್ಟು ವರ್ಷವನ್ನೂ ಕರಡಾಗಿಯೇ ಕಳೆಯಿತು.

ಅರಸರ ಕಾಲ ಚಿನ್ನದ ಕಾಲವೆಂದು ನಾನು ಹೇಳುತ್ತಿಲ್ಲ. ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಕಾವಲು ಅವನದು, ಪರಿಮಳ ಅರಮನೆಯದು. ಆದರೆ ಅಂದು ಕಷ್ಟ ಮೊದಲು ಬಂತು, ಅದನ್ನು ಬಿಡಿಸುವವರನ್ನು ಹುಡುಕಿದರು, ಬಿಡಿಸಿದ್ದನ್ನು ಕೊಳ್ಳಲು ಸರ್ಕಾರ ತಾನೇ ನಿಂತಿತು. ಜಿಡಿಪಿ ಎಂಬ ಲೆಕ್ಕವೇ ಹುಟ್ಟಿರಲಿಲ್ಲ, ತಮ್ಮ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಮೇಲೂ ಕೈ ಹಿಡಿದ ಕಡೆ ಕೆಲಸ ಆಗಿದೆ. ಸಿಎಫ್‌ಟಿಆರ್‌ಐ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಕೊಂಡಾಗ ಅದನ್ನು ತಯಾರಿಸಿ ಮಾರಲು ಗುಜರಾತಿನ ಆನಂದ್ ಊರಿನಲ್ಲಿ ಅಮುಲ್ ಎಂಬ ಸಹಕಾರ ಸಂಘವಿತ್ತು. ಶ್ರೀರಾಂಪುರದವರು ತೊಂಬತ್ತರ ದಶಕದಲ್ಲಿ ದ್ವಿತಳಿ ರೇಷ್ಮೆಯ ತಳಿ ಕೊಟ್ಟಾಗ ಮೊಟ್ಟೆ ಕೊಡುವ ಕೇಂದ್ರವಿತ್ತು, ಗೂಡು ಹರಾಜಿನ ಮಾರುಕಟ್ಟೆಯಿತ್ತು, ಹುಳು ಸಾಕಿ ಪಳಗಿದ ರೈತ ಹೆಂಗಸರಿದ್ದರು.

ಈಗ ವಿಜ್ಞಾನ ಎಷ್ಟು ಸುಲಭವಾಗಿದೆ ನೋಡಿ. 2022ರ ಜುಲೈಯಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣದ ಮೇಲೆ ಶೇ. 5 ಇದ್ದ ಜಿಎಸ್‌ಟಿಯನ್ನು ಶೇ. 18ಕ್ಕೆ ಏರಿಸಿದರು. ಸರ್ಕಾರ ತಾನೇ ಕೊಟ್ಟ ಅನುದಾನದಿಂದ ತಾನೇ ತೆರಿಗೆ ವಸೂಲು ಮಾಡುವ ಈ ವಿಧಾನಕ್ಕೆ ಪೇಟೆಂಟ್ ಪಡೆಯಬೇಕಿತ್ತು. 2024ರ ಬಜೆಟ್ಟಿನಲ್ಲಿ ಪ್ರಯೋಗಾಲಯದ ರಾಸಾಯನಿಕಗಳ ಆಮದು ಸುಂಕ ಶೇ. 10ರಿಂದ ಒಂದೇ ನೆಗೆತಕ್ಕೆ 150! ಲ್ಯಾಬಿನ ಹೆಸರಿನಲ್ಲಿ ಆಲ್ಕೋಹಾಲ್ ತರಿಸಿಕೊಳ್ಳುವವರನ್ನು ತಡೆಯಲಂತೆ. ಕುಡುಕರಿಗೆ ಗುರಿಯಿಟ್ಟ ಏಟು ಕ್ಯಾನ್ಸರ್ ಸಂಶೋಧಕರಿಗೆ ಬಿತ್ತು. ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಸುಂಕ ಹಿಂದಕ್ಕೆ ಬಂತು. ಸಂಶೋಧನಾ ಕ್ಷೇತ್ರದಲ್ಲಿ ಇಷ್ಟು ಬೇಗ ಫಲಿತಾಂಶ ಬಂದ ಪ್ರಯೋಗ ಬೇರೊಂದು ನನಗೆ ಗೊತ್ತಿಲ್ಲ.

ತಮ್ಮ ಬದಲಿಗೆ ದೊಡ್ಡ ದೊಡ್ಡ ನಿಧಿಗಳು ಬರುತ್ತಿವೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ಎಂಬ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ಎಂದರು; ಅದರಲ್ಲಿ 36,000 ಕೋಟಿ ಕಂಪನಿಗಳು, ದಾನಿಗಳು ಮೊದಲಾದವರು ತರಬೇಕಂತೆ. ನಮ್ಮೂರ ಜೀರ್ಣೋದ್ಧಾರ ಸಮಿತಿಯೂ ಹೀಗೇ ಅಂದಾಜು ಪಟ್ಟಿ ಬರೆಯುತ್ತದೆ. 2025ರ ಜುಲೈಯಲ್ಲಿ ಇನ್ನೊಂದು, ಪೂರ್ತಿ ಒಂದು ಲಕ್ಷ ಕೋಟಿ. ಹಣ ಕೇಂದ್ರದ ಖಜಾನೆಯಿಂದ ವಿಶೇಷ ನಿಧಿಗೆ, ಅಲ್ಲಿಂದ ಎರಡನೇ ಹಂತದ ನಿಧಿ ವ್ಯವಸ್ಥಾಪಕರಿಗೆ, ಅವರಿಂದ ಕಂಪನಿಗಳಿಗೆ ಇಳಿಯಬೇಕು. ಹಿನಕಲ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಟ್ಯಾಂಕು ತುಂಬಿದೆಯೋ ಇಲ್ಲವೋ ಎಂಬುದಕ್ಕಿಂತ ನೀರುಗಂಟಿ ಯಾವ ಬೀದಿಯ ವಾಲ್ವ್ ತಿರುಗಿಸುತ್ತಾನೆ ಎಂಬುದು ಮುಖ್ಯ. ಸಾಲ ಬೇಕೆಂದರೆ ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು ಅಳೆಯುವ ಒಂಬತ್ತು ಮೆಟ್ಟಿಲಿನ ಏಣಿಯಲ್ಲಿ ಅದು 4ನೆಯದನ್ನಾದರೂ ಹತ್ತಿರಬೇಕು. ಮೊದಲ ಮೂರು ಮೆಟ್ಟಿಲು ವಿಶ್ವವಿದ್ಯಾಲಯದ ಹಳೇ ಕಟ್ಟಡದಲ್ಲಿವೆ, ಮೇಷ್ಟ್ರು ನಿವೃತ್ತರಾಗಿದ್ದಾರೆ, ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ.

ಸಾಲದ ಮಾತು ಬಂತು. ಕೇಂದ್ರ ಸರ್ಕಾರ ಆ ವಿಶೇಷ ನಿಧಿಗೆ 50 ವರ್ಷ ಬಡ್ಡಿಯಿಲ್ಲದೆ ಕೊಡುತ್ತದೆ. ಅದಕ್ಕೂ ಬಹಳ ಮೊದಲಿನಿಂದ ಭಾರತದ ವಿಜ್ಞಾನಕ್ಕೆ ಬಡ್ಡಿಯಿಲ್ಲದೆ ಕೊಡುತ್ತ ಬಂದವರು ನಮ್ಮ ಬೀದಿಯಲ್ಲಿದ್ದಾರೆ. ಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುವ ಮಕ್ಕಳು ಇಲ್ಲಿ ಕೋಣೆ ಹಿಡಿಯುತ್ತಾರೆ. ಕೇಂದ್ರದ ಕಿರಿಯ ಸಂಶೋಧನಾ ವೇತನ 2023ರಿಂದ ತಿಂಗಳಿಗೆ 37,000 ಎಂದು ಕಾಗದದಲ್ಲಿದೆ. ಬರುವುದು ಯಾವ ತಿಂಗಳು ಎಂಬುದು ಕಾಗದದಲ್ಲಿಲ್ಲ. ಬಾಡಿಗೆ 5ನೇ ತಾರೀಕಿಗೆ. ತಡೆದುಕೊಳ್ಳುವ ಮನೆ ಮಾಲೀಕರು, 'ಬಂದ ಮೇಲೆ ಕೊಡಪ್ಪ' ಎಂದು ಪುಸ್ತಕದಲ್ಲಿ ಬರೆದುಕೊಳ್ಳುವ ಮೆಸ್ಸಿನ ಅಕ್ಕ, ಇವರನ್ನು ಯಾವ ನಿಧಿಯ ವ್ಯವಸ್ಥಾಪಕರೆಂದು ಕರೆಯುವುದೋ ತಾವೇ ಹೇಳಬೇಕು. ಹತ್ತು ಲಕ್ಷ ಜನರಿಗೆ 262 ಸಂಶೋಧಕರಿರುವ ದೇಶ ಇದು. ಮೈಸೂರಿನಷ್ಟು ದೊಡ್ಡ ಊರಿಗೆ ಅಷ್ಟೇ ಜನ. ಅದರಲ್ಲಿ ಎಷ್ಟು ಮಂದಿ ಮೆಸ್ಸಿನ ಅಕ್ಕನ ಸಾಲದ ಮೇಲೆ ನಿಂತಿದ್ದಾರೋ ನೀತಿ ಬರೆಯುವವರು ಎಣಿಸಲಿ.

ಕಂಪನಿಗಳ ವಿಷಯ ಚುಟುಕಾಗಿ ಹೇಳುತ್ತೇನೆ. ದೇಶದ ಸಂಶೋಧನಾ ಖರ್ಚಿನಲ್ಲಿ ಖಾಸಗಿ ಉದ್ಯಮದ ಪಾಲು ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಕೊರಿಯಾದಲ್ಲಿ ಮುಕ್ಕಾಲು ಭಾಗ ಅವರದೇ. ಹಾಗೆಂದು ಇಲ್ಲಿಯವರು ಕೈ ಬಿಚ್ಚುವುದೇ ಇಲ್ಲ ಎನ್ನಲಾರೆ. ನಮ್ಮ ಪಕ್ಕದ ಹೆಬ್ಬಾಳ ಕೆರೆಗೆ ಇನ್ಫೋಸಿಸ್ ಪ್ರತಿಷ್ಠಾನ ದುಡ್ಡು ಹಾಕಿ ಜೀವ ತುಂಬಿತು, ಒಳ್ಳೆಯದಾಯಿತು. ಆದರೆ ಅದು ದಾನ. ಕಂಪನಿ ಸಂತೋಷಗೊಂಡರೆ ಒಂದು ಕೆರೆ ಉಳಿಯುತ್ತದೆ. ಮುಂದಿನ ಕೆರೆಗೆ, ಅಂದರೆ ನಮ್ಮದಕ್ಕೆ, ಇನ್ನೊಂದು ಕಂಪನಿಯ ಸಂತೋಷಕ್ಕಾಗಿ ಕಾಯಬೇಕು. ಚರಂಡಿ ನೀರನ್ನು ಕಡಿಮೆ ಖರ್ಚಿನಲ್ಲಿ ಶುದ್ಧ ಮಾಡುವ ಉಪಾಯ ಗಂಗೋತ್ರಿಯ ಯಾವುದೋ ಪ್ರಬಂಧದಲ್ಲಿ ಬೈಂಡಾಗಿ ಕೂತಿದ್ದರೂ ಆಶ್ಚರ್ಯವಿಲ್ಲ. ಮೊದಲ ಯಂತ್ರವನ್ನು ದುಡ್ಡು ಕೊಟ್ಟು ಕೊಳ್ಳುವ ನಗರಸಭೆ ಯಾವುದು? ಹಳೆಯ ಅನುಭವದ ಪ್ರಮಾಣಪತ್ರ ತನ್ನಿ ಎನ್ನುತ್ತದೆ ಟೆಂಡರ್. ಹೊಸದಕ್ಕೆ ಹಳೆಯ ಅನುಭವ ಎಲ್ಲಿಂದ ತರುವುದು?

ಆದ್ದರಿಂದ, ಮಾನ್ಯರೇ, ತಾವು ಬರದಿದ್ದರೂ ಬೇಸರವಿಲ್ಲ. ತಾವು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾ ಕೂತವರನ್ನು ಎಬ್ಬಿಸಿ ಕಳಿಸಿಕೊಟ್ಟರೆ ಅರವತ್ನಾಲ್ಕು ಪೈಸೆಯಲ್ಲೇ ವೇತನ ತಿಂಗಳಿಗೆ ಸರಿಯಾಗಿ ಕೊಡಬಹುದು, ಆ ಮೊದಲ ಯಂತ್ರವನ್ನು ಕೊಂಡು ಕೆರೆಯ ಬಳಿ ಇಟ್ಟು ನೋಡಬಹುದು. ಬಂದೇ ಬರುತ್ತೀರಾದರೆ ಒಂದು ವಿನಂತಿ. ಹುಣಸೂರು ರಸ್ತೆಯಲ್ಲಿ ಈಗ ಫ್ಲೈಓವರ್ ಆಗಿದೆ, ದೆಹಲಿಯಿಂದ ಬಂದವರೆಲ್ಲ ಅದರ ಮೇಲೆಯೇ ಹಾದು ಹೋಗಿಬಿಡುತ್ತಾರೆ. ತಾವು ಸರ್ವಿಸ್ ರಸ್ತೆಗೆ ಇಳಿಯಿರಿ.

ಇಂತಿ ತಮ್ಮ ವಿಧೇಯ,
ಹಿನಕಲ್ ನಿವಾಸಿ

ವಿ.ಸೂ.: ಮೆಸ್ಸಿನ ಅಕ್ಕ ಕೇಳಲು ಹೇಳಿದ್ದಾರೆ, ತಾವು ಬಂದಾಗ ತಮ್ಮ ಮೇಲೂ ಶೇ. 18 ಹಾಕುತ್ತಾರೆಯೇ ಎಂದು. ಹಾಗಾದರೆ ಹುಡುಗರ ಲೆಕ್ಕದಲ್ಲಿ ಈಗಲೇ ಕಡಿತ ಮಾಡಿಕೊಳ್ಳಬೇಕಂತೆ.