ಎಲ್ಲಿದ್ದರೂ ಬರಬೇಕು

ಗೌರಿಬಿದನೂರಿನ ಹತ್ತಿರ ಭೂಕಂಪನ ಅಳೆಯುವ ಕೇಂದ್ರವೊಂದಿದೆ. ಭಾಭಾ ಅಣು ಸಂಶೋಧನಾ ಕೇಂದ್ರದವರು 1960ರ ದಶಕದಲ್ಲಿ ಶುರು ಮಾಡಿದ್ದು. ಸಾವಿರಾರು ಮೈಲಿ ಆಚೆ ಯಾವ ದೇಶದವರಾದರೂ ನೆಲದೊಳಗೆ ಅಣುಬಾಂಬು ಸಿಡಿಸಿ ಏನೂ ಆಗಿಲ್ಲವೆಂಬಂತೆ ಕೂತರೆ ಇಲ್ಲಿ ಗೊತ್ತಾಗಿಬಿಡುತ್ತದೆ. ಅದೇ ತಾಲ್ಲೂಕಿನ ಇನ್ನೊಂದು ಬಯಲಲ್ಲಿ ಸೂರ್ಯನಿಂದ ಬರುವ ರೇಡಿಯೊ ಅಲೆಗಳಿಗೆ ಕಿವಿಗೊಟ್ಟು ಆಂಟೆನಾಗಳು ಸಾಲಾಗಿ ನಿಂತಿವೆ. ಇವೆರಡನ್ನೂ ಸೇರಿಸಿ, ಬಿಳಿ ಪಂಚೆ ಸುತ್ತಿ, ಹೆಗಲಿಗೊಂದು ಟವೆಲ್ ಹಾಕಿ, ಟಿವಿಎಸ್ ಎಕ್ಸೆಲ್ ಮೇಲೆ ಕೂರಿಸಿದರೆ ನಮ್ಮ ಸುದ್ದಿ ಮಾವ.

ಇಂಥವರು ನಿಮ್ಮೂರಲ್ಲೂ ಇದ್ದಾರು. ಆದರೆ ನಮ್ಮ ಮಾವನಿಗಿರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಮನೆ, ಹಿಪ್ಪುನೇರಳೆ ತೋಟ ಶಿಡ್ಲಘಟ್ಟ ತಾಲ್ಲೂಕಿನಲ್ಲಿ. ಹೆಣ್ಣು ತಂದದ್ದು ಚಿಂತಾಮಣಿ ಕಡೆಯಿಂದ. ದೊಡ್ಡ ಮಗಳನ್ನು ಕೊಟ್ಟದ್ದು ಗೌರಿಬಿದನೂರಿಗೆ. ಅಕ್ಕ, ಅಂದರೆ ನಮ್ಮಮ್ಮ, ಇರುವುದು ಚಿಕ್ಕಬಳ್ಳಾಪುರದಲ್ಲಿ. ಕೋಲಾರವನ್ನು ಒಡೆದು ಸರ್ಕಾರ ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದ್ದು 2007ರಲ್ಲಿ. ಮಾವ ಅದಕ್ಕೂ ಮುಂಚೆಯೇ ಬೀಗರ ಮೂಲಕ ಜಿಲ್ಲೆ ಕಟ್ಟಿಕೊಂಡಿದ್ದರು. ಪೇಪರಿನವರು ಸಂಬಳ ಕೊಟ್ಟು ತಾಲ್ಲೂಕಿಗೊಬ್ಬ ವರದಿಗಾರನನ್ನು ಇಟ್ಟಿದ್ದರೆ, ಮಾವನಿಗೆ ಅರಿಶಿನ ಕುಂಕುಮದ ಖರ್ಚಿನಲ್ಲೇ ಕೆಲಸ ಮುಗಿದಿದೆ.

ಸೋಮವಾರ ಬೆಳಿಗ್ಗೆ ಟೀ ಅಂಗಡಿಯಲ್ಲಿ ಪೇಪರಿನ ವಿಲೇವಾರಿ. ಓದುವುದಕ್ಕೊಂದು ಕ್ರಮವಿದೆ. ಮೊದಲು ನಿಧನ ವಾರ್ತೆ. ಆಮೇಲೆ ರೇಷ್ಮೆಗೂಡಿನ ಧಾರಣೆ. ಆಮೇಲೆ ಚಿಂತಾಮಣಿ ಟೊಮೆಟೊ, 15 ಕೆ.ಜಿ. ಬಾಕ್ಸಿಗೆ ಎಷ್ಟು ಅಂತ. ಜಿಲ್ಲಾ ಪುಟ ಕೊನೆಗೆ. ದೆಹಲಿಯ ಸುದ್ದಿ ಇರುವ ಮೊದಲ ಪುಟ ಅಷ್ಟರಲ್ಲಿ ಬೋಂಡದ ತಟ್ಟೆಗೆ ಹೋಗಿರುತ್ತದೆ, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಜಿಲ್ಲಾ ಪುಟದಲ್ಲಿ ಯಾವ ಹೆಸರು ಕಂಡರೂ ಮಾವ ಅದಕ್ಕೊಂದು ನಂಟು ಹಚ್ಚದೆ ಮುಂದಿನ ಸಾಲಿಗೆ ಹೋಗುವುದಿಲ್ಲ. ‘ಜೂಜು: ಆರು ಮಂದಿ ಬಂಧನ’ ಅಂತಿದ್ದರೆ, “ಇದ್ರಲ್ಲಿ ಮೂರನೇವ್ನು ನಮ್ಮ ಷಡ್ಡಕನ ಕಡೆಯೋನು ಕಣಪ್ಪ, ಒಳ್ಳೆ ಮನೆತನ” ಎನ್ನುತ್ತಾರೆ. ಹೆಮ್ಮೆಯೋ ಮರುಕವೋ ಹೇಳುವುದು ಕಷ್ಟ.

‘ಎತ್ತಿನಹೊಳೆ ನೀರು ಶೀಘ್ರ’ ಎಂಬ ತಲೆಬರಹವನ್ನು ಮಾತ್ರ ಅವರು ಓದುವುದಿಲ್ಲ. ನಮ್ಮ ಸೀಮೆಗೆ ನೀರು ತರುವ ಆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ಆದಾಗಿನಿಂದ ಕತ್ತರಿಸಿಟ್ಟ ತುಣುಕುಗಳು ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇವೆ. “ಇದು ಸುದ್ದಿ ಅಲ್ಲ ಅಳಿಯ, ಪಂಚಾಂಗ. ವರ್ಷಾವರ್ಷ ಬರ್ತದೆ.”

ಪೇಪರಿನ ಸುದ್ದಿ ಹೀಗೆ ಮನೆಮಾತಾದರೆ, ಮನೆಯ ಮಾತು ಮಾವನ ಬಾಯಲ್ಲಿ ಪೇಪರಾಗುತ್ತದೆ. ಮಂಗಳವಾರ ಅಮ್ಮನಿಗೆ ಫೋನು ಬಂತು. “ಗೌರಿಬಿದನೂರು ಅಳಿಯಂದಿರ ಬೈಕು ಸ್ಕಿಡ್ಡು. ಮೊಣಕಾಲಿಗೆ ಗಾಯ. ಪ್ರಾಣಾಪಾಯ ಇಲ್ಲ. ಹೆಚ್ಚಿನ ವಿವರ ಸಾಯಂಕಾಲ.” ಅಮ್ಮ ಗಾಬರಿಯಿಂದ “ಎಲ್ಲಿ, ಹೆಂಗಾಯ್ತೋ?” ಅನ್ನುವಷ್ಟರಲ್ಲಿ ಫೋನು ಕಟ್, ಮುಂದಿನ ಚಂದಾದಾರರು ಕಾಯುತ್ತಿದ್ದರು. ಬೇರೆಯವರೆಲ್ಲ ಗುಟ್ಟು ಹೇಳಿ “ನಾನು ಹೇಳ್ದೆ ಅಂತ ಹೇಳ್ಬೇಡ” ಅಂದರೆ, ನಮ್ಮ ಮಾವ “ನಾನೇ ಹೇಳ್ದೆ ಅಂತ ಹೇಳು” ಅನ್ನುತ್ತಾರೆ. ಅವರಿಗೆ ಬೇಕಾದದ್ದು ಇಷ್ಟೇ, ಮೊದಲು ಹೇಳಿದವರು ತಾವಾಗಿರಬೇಕು.

2021ರ ಡಿಸೆಂಬರ್ 22ರ ಬೆಳಿಗ್ಗೆ ಜಿಲ್ಲೆಯಲ್ಲಿ ಭೂಮಿ ನಡುಗಿತಲ್ಲ, ಆ ದಿನ ಮಾವನ ಬದುಕಿನ ಶಿಖರ. 7 ಗಂಟೆ 9 ನಿಮಿಷಕ್ಕೆ ಒಂದು ಸಲ, 2.9ರಷ್ಟು. ಐದು ನಿಮಿಷ ಬಿಟ್ಟು ಇನ್ನೊಂದು ಸಲ, 3.0. ಜನ ಪಾತ್ರೆ ಸದ್ದಿಗೆ ಬೀದಿಗೆ ಓಡಿದರು. ಮಾವ ಆ ಐದು ನಿಮಿಷದಲ್ಲಿ ನಾಲ್ಕು ತಾಲ್ಲೂಕಿಗೂ ಫೋನು ಮಾಡಿ ಮುಗಿಸಿದ್ದರು. ಎರಡನೆಯ ಸಲ ನಡುಗಿದಾಗ ಲೈನಿನಲ್ಲಿದ್ದದ್ದು ನಮ್ಮಮ್ಮ. “ನೋಡ್ದಾ? ಹೇಳ್ಲಿಲ್ವಾ ನಾನು?” ಎಂದರಂತೆ, ತಾವೇ ಅಲ್ಲಾಡಿಸಿದ ಹಾಗೆ. ಅದು ಸಾಲದು ಎಂಬಂತೆ, ಕೈವಾರದ ತಾತಯ್ಯನವರು ಕಾಲಜ್ಞಾನದಲ್ಲಿ ಇದನ್ನೆಲ್ಲ ಆಗಲೇ ಬರೆದಿಟ್ಟಿದ್ದಾರೆಂದು ಸೇರಿಸಿದರು. ಟೊಮೆಟೊ ಬೆಲೆ ಏರಿದರೂ ತಾತಯ್ಯ, ಇಳಿದರೂ ತಾತಯ್ಯ. 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿದಾಗ ಅತ್ತೆ ಕೇಳಿದರು: “ತಾತಯ್ಯನವರು ಬರ್ದಿದ್ದು ಮುಂಚೇನೇ ಗೊತ್ತಿದ್ರೆ ಒಂದೆಕ್ರೆ ಹಾಕ್ಬಾರ್ದಾಗಿತ್ತಾ?”

ಮಾವನ ಭಾಷೆಯ ವಿಚಾರ ಹೇಳಬೇಕು. ಲೆಕ್ಕ ತೆಲುಗಿನಲ್ಲಿ, ಬೈಗುಳ ತೆಲುಗಿನಲ್ಲಿ, ದೇವರ ಹತ್ತಿರ ತೆಲುಗು. ಮೈಕು ಕಂಡರೆ ಮಾತ್ರ ಗ್ರಾಂಥಿಕ ಕನ್ನಡ. ನಮ್ಮ ಸೀಮೆಯಲ್ಲಿ ಇದೇನೂ ವಿಶೇಷವಲ್ಲ.

ಬುಧವಾರ ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ಒಂದು ಸುತ್ತು, ಮಾರಲು ಗೂಡಿಲ್ಲದಿದ್ದರೂ. ಇ–ಹರಾಜು ಬಂದ ಮೇಲೆ ಅವರಿಗೆ ಅಲ್ಲಿ ಮನಸ್ಸು ನಿಲ್ಲುವುದಿಲ್ಲ. ಮುಂಚೆ ರೀಲರುಗಳು ಜಾಲರಿಗೆ ಕೈಹಾಕಿ ಗೂಡು ಅಲುಗಿಸಿ ಕೂಗುತ್ತಿದ್ದರು. ಯಾರಿಗೆ ದುಡ್ಡಿದೆ, ಯಾರಿಗೆ ಬರೀ ಗಂಟಲಿದೆ ಎಲ್ಲ ಕಿವಿಗೇ ತಿಳಿಯುತ್ತಿತ್ತು. ಈಗ ಮೊಬೈಲು ಒತ್ತುತ್ತಾರೆ. “ಬಾಯಿಗೆ ಕೆಲ್ಸ ಇಲ್ದಿರೋದೂ ಒಂದು ವ್ಯಾಪಾರಾನಾ?”

ಇಷ್ಟೆಲ್ಲ ಗೊತ್ತಿರುವ ಮಾವನಿಗೆ ತಿಳಿಯದೆ ಉಳಿದಿರುವ ಊರು ಒಂದೇ, ಅದು ಅವರ ಮನೆ. ಚಿಕ್ಕ ಮಗಳು ಪಿಯುಸಿಯಲ್ಲಿ ತೆಗೆದುಕೊಂಡಿದ್ದು ಕಾಮರ್ಸು ಎಂದು ಎರಡು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಫಲಿತಾಂಶದ ದಿನ ಸೈನ್ಸು ಎಂದು ಗೊತ್ತಾಯಿತು. ಹುಳು ಮನೆಯ ಕಥೆಯೂ ಅದೇ. ಹೆಸರಿಗೆ ಮಾವನ ಬೆಳೆ. ನೂರು ಮೊಟ್ಟೆಯ ಚಾಕಿ ಮರಿ ತಂದು ಮನೆ ಸೇರಿಸುವವರೆಗೆ ಅವರ ಜವಾಬ್ದಾರಿ. ಆಮೇಲೆ ಸೊಪ್ಪು ಕೊಯ್ಯುವುದು, ಹಾಕುವುದು, ಕಸ ತೆಗೆಯುವುದು, ಊಜಿ ನೊಣಕ್ಕೆ ಪರದೆ ಕಟ್ಟುವುದು, ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿತೋ ಎದ್ದಿತೋ ನೋಡುವುದು, ಎಲ್ಲ ಅತ್ತೆಯದು. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ರಾತ್ರಿ ಹೊತ್ತು ಬಾಗಿಲಲ್ಲಿ ನಿಂತರೆ ಸೊಪ್ಪು ಮೇಯುವ ಸದ್ದು ಸೋನೆ ಮಳೆ ಹುಯ್ದ ಹಾಗೆ ಕೇಳುತ್ತದೆ. ಒಮ್ಮೆ ಆ ಸದ್ದಿಗೆ ಎದ್ದ ಮಾವ, ಮಳೆ ಶುರುವಾಯಿತೆಂದು ಚಿಂತಾಮಣಿಗೆ ಫೋನು ಮಾಡಿದ್ದುಂಟು.

ಶುಕ್ರವಾರ ಅತ್ತೆ ಹೇಳಿದರು: “ಏನೂಂದ್ರೆ, ಭಾನುವಾರಕ್ಕೆಲ್ಲಾ ಹುಳು ಹಣ್ಣಾಗ್ತವೆ. ಗೂಡು ಕಟ್ಟಿಸೋಕೆ ನಾಳೆ ಬಾಡಿಗೆ ಚಂದ್ರಂಕಿ ತಂದಾಕ್ಬಿಡಿ.”

“ಸೋಮವಾರ,” ಎಂದರು ಮಾವ. ಹುಳುವಿನ ಮೈ ನೋಡಿ ಹೇಳಿದ್ದಲ್ಲ. ಭಾನುವಾರ ಕೆರೆ ಅಂಗಳದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟಿನ ಫೈನಲ್ಲು, ಮತ್ತು ಕಾಮೆಂಟ್ರಿ ಮಾವನದು. ಶನಿವಾರ ಚಂದ್ರಂಕಿಗೆಂದು ಹೊರಟ ಎಕ್ಸೆಲ್ಲು ಚಿಂತಾಮಣಿಯಲ್ಲಿ ಯಾರದೋ ಗೃಹಪ್ರವೇಶದ ಊಟಕ್ಕೆ ನಿಂತು, ಸಂಜೆ ನಾಲ್ಕು ತಾಲ್ಲೂಕಿನ ಸಮಾಚಾರ ಹೇರಿಕೊಂಡು, ಚಂದ್ರಂಕಿ ಒಂದನ್ನು ಬಿಟ್ಟು ಬಂತು.

ಕ್ರಿಕೆಟ್ಟಿಗೆ ಮಾವ ಬಿದ್ದದ್ದು 2024ರ ಜನವರಿ 18ರಂದು. ಮುದ್ದೇನಹಳ್ಳಿ ಹತ್ತಿರದ ಸತ್ಯಸಾಯಿ ಗ್ರಾಮದ ಕ್ರೀಡಾಂಗಣದಲ್ಲಿ ಸಚಿನ್ ತೆಂಡೂಲ್ಕರ್ ಕಡೆಯವರಿಗೂ ಯುವರಾಜ್ ಸಿಂಗ್ ಕಡೆಯವರಿಗೂ ಮ್ಯಾಚು. ಸಚಿನ್ನರದು ‘ಒನ್ ವರ್ಲ್ಡ್’, ಯುವರಾಜರದು ‘ಒನ್ ಫ್ಯಾಮಿಲಿ’. ಕೊನೆಗೆ ಯೂಸುಫ್ ಪಠಾಣ್ ಹಾಕಿದ ಬಾಲನ್ನು ತಮ್ಮ ಇರ್ಫಾನ್ ಸಿಕ್ಸರ್ ಎತ್ತಿ, ಒಂದು ಬಾಲು ಬಾಕಿ ಇರುವಾಗಲೇ ಸಚಿನ್ ಕಡೆಯವರನ್ನು ಗೆಲ್ಲಿಸಿದರು. ಮಾವ ಮನೆಗೆ ಬಂದವರೇ ವರದಿ ಒಪ್ಪಿಸಿದರು: “ಸ್ವಂತ ಅಣ್ಣನ ಬಾಲಿಗೆ ಸಿಕ್ಸರ್! ಜಮೀನು ಪಾಲಾಗಿರ್ಬೇಕು.” ಅತ್ತೆ ಕೇಳಿದ್ದು ಒಂದೇ ಮಾತು, ಸೋತದ್ದು ಯಾರು ಅಂತ. ಫ್ಯಾಮಿಲಿ ಟೀಮು ಎಂದರು ಮಾವ. “ಎಲ್ಲಾ ಮ್ಯಾಚಲ್ಲೂ ಸೋಲೋದು ಫ್ಯಾಮಿಲೀನೇ ಬಿಡಿ” ಎಂದು ಅತ್ತೆ ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದರು.

ಭಾನುವಾರ. ಒಣಗಿದ ಕೆರೆಯಲ್ಲಿ ಸುಣ್ಣದ ಗೆರೆ, ಒಂದು ಶಾಮಿಯಾನ, ಎರಡು ಸ್ಪೀಕರು. ಮೊದಲ ಬಹುಮಾನ ಟ್ರೋಫಿ ಜೊತೆಗೊಂದು ಟಗರು. ಅದು ಶಾಮಿಯಾನದ ಕಂಬಕ್ಕೆ ಕಟ್ಟಿಸಿಕೊಂಡು ಎರಡೂ ಟೀಮನ್ನು ಸಮನಾಗಿ ನೋಡುತ್ತಿತ್ತು. ಎಂಟು ಓವರಿನ ಆಟ. ಮಾವನ ಕಾಮೆಂಟ್ರಿಯಲ್ಲಿ ಸ್ಕೋರು ಕೇಳಿ ತಿಳಿದವರಿಲ್ಲ, ಆದರೆ ಬೇರೆಲ್ಲ ತಿಳಿಯುತ್ತದೆ. “ಈಗ ಬೌಲಿಂಗ್ ಮಾಡಲು ಆಗಮಿಸುತ್ತಿರುವವರು ಚಿಕ್ಕಬಳ್ಳಾಪುರದ ಹೂವಿನ ಮಂಡಿಯ ಯುವಕರು. ಇವರ ಸಹೋದರಿಯ ವಿವಾಹ ಮುಂದಿನ ತಿಂಗಳು ನಿಶ್ಚಯವಾಗಿದ್ದು, ಗಂಡು ಗೌರಿಬಿದನೂರಿನವರು, ಒಳ್ಳೆಯ ಸಂಬಂಧ, ಓಡಿ ಬರುತ್ತಿದ್ದಾರೆ, ಓಡಿ ಬರುತ್ತಿದ್ದಾರೆ… ಔಟ್! ಔಟಾದವರ ತಂದೆಯವರಿಗೆ ಮೊನ್ನೆ ತಾನೇ ಕಣ್ಣಿನ ಆಪರೇಷನ್ ಆಗಿದ್ದು, ಅವರು ಇದನ್ನು ನೋಡಬೇಕಾಗಿ ಬಂದದ್ದು ವಿಷಾದಕರ.” ನಡುವೆ ಚೀಟಿಗಳು ಬರುತ್ತವೆ. ಯಾರದೋ ಬೈಕು ದಾರಿಗೆ ಅಡ್ಡ ನಿಂತಿದೆ. ಯಾರೋ ನೂರ ಒಂದು ರೂಪಾಯಿ ಕಾಣಿಕೆ ಕೊಟ್ಟಿದ್ದಾರೆ. ಮಗುವೊಂದು ಅಳುತ್ತಿದೆ, ಕೆಂಪು ಚಡ್ಡಿ.

ಐದನೇ ಓವರಿನಲ್ಲಿ ಪಕ್ಕದ ಮನೆ ಹುಡುಗ ಓಡಿಬಂದು ಒಂದು ಚೀಟಿ ಕೊಟ್ಟ. ಚಾಕಿ ಬಿಲ್ಲಿನ ಹಿಂಬದಿ, ಪೆನ್ಸಿಲಿನ ಅಕ್ಷರ. ಮಾವ ಗಂಟಲು ಸರಿಮಾಡಿಕೊಂಡು ಓದಿದರು:

“ಪ್ರೇಕ್ಷಕರ ಗಮನಕ್ಕೆ. ಹುಳು ಹಣ್ಣಾಗಿದೆ. ಮನೆಯವರು ಎಲ್ಲಿದ್ದರೂ ಕೂಡಲೇ ಬರಬೇಕು.”

ಚೀಟಿ ತಿರುಗಿಸಿ ನೋಡಿದರು. ಹೆಸರಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳದ ಅತ್ತೆ ಪೆನ್ಸಿಲಿನಲ್ಲೂ ಹೇಳಿರಲಿಲ್ಲ. ಮಾವನಿಗೆ ಸಿಟ್ಟೇ ಬಂತು. “ಯಾರು ಸ್ವಾಮಿ ಇದು? ಹುಳು ಹಣ್ಣಾದ ಹೊತ್ತಿನಲ್ಲಿ ಹೆಂಗಸೊಬ್ಬಳನ್ನು ಮನೆಯಲ್ಲಿ ಬಿಟ್ಟು ಇಲ್ಲಿ ಬಂದು ಕೂತಿದ್ದೀರಲ್ಲ, ನಿಮಗೆ ಜವಾಬ್ದಾರಿ ಅನ್ನುವುದು ಇದೆಯೇ? ಹಣ್ಣು ಹುಳು ಕಾಯುತ್ತದೆಯೇ? ಚಂದ್ರಂಕಿಯನ್ನಾದರೂ ತಂದಿಟ್ಟು ಬಂದಿದ್ದೀರಾ?”

ಅಂಗಳದಲ್ಲಿ ಮೊದಲು ನಕ್ಕದ್ದು ಸ್ಕ್ವೇರ್ ಲೆಗ್ ಅಂಪೈರು. ಆಮೇಲೆ ಬೌಲರು ಕೂತುಬಿಟ್ಟ. ಮಾವ ಬಿಲ್ಲನ್ನು ಮತ್ತೊಮ್ಮೆ ತಿರುಗಿಸಿದರು. ಅಚ್ಚಾದ ಕಡೆ, ಗ್ರಾಹಕರ ಹೆಸರು ಅನ್ನುವ ಜಾಗದಲ್ಲಿ, ತಮ್ಮದೇ ಸಹಿ ಇತ್ತು. ಸ್ಪೀಕರಿನಿಂದ “ಅಮ್ಮ ನಾಯನೋ” ಎಂಬ ತೆಲುಗು ಉದ್ಗಾರವೊಂದು ಕೆರೆ ಏರಿಯ ಆಚೆಗೂ ಕೇಳಿಸಿತು.

ಮಾವ ಹೋಗುವಷ್ಟರಲ್ಲಿ ಬಾಡಿಗೆ ಚಂದ್ರಂಕಿಗಳು ಅಂಗಳದಲ್ಲಿ ಸಾಲಾಗಿ ಒರಗಿದ್ದವು. ಶನಿವಾರ ರಾತ್ರಿಯೇ ಅತ್ತೆ ಬೇರೆಯವರ ಟೆಂಪೋದಲ್ಲಿ ತರಿಸಿದ್ದರು. ಸಂಜೆ ಮ್ಯಾಚು ಮುಗಿಸಿ, ಸೋತ ನಮ್ಮೂರ ಟೀಮಿನ ಹನ್ನೊಂದು ಜನವೂ ಹುಳು ಆಯಲು ಬಂದರು. ಅತ್ತೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ಮೂಸಿ, ಬೀಡಿ ವಾಸನೆ ಇದ್ದವರನ್ನು ಸೋಪು ಹಾಕಿ ತೊಳೆಯಲು ವಾಪಸು ಕಳಿಸಿದರು. ಹಣ್ಣು ಹುಳು ದೀಪದ ಬೆಳಕಿಗೆ ಹಿಡಿದರೆ ಒಳಗಿನವರೆಗೂ ಕಾಣುತ್ತದೆ, ನಸು ಹಳದಿ. ಹುಡುಗರು ಅವನ್ನು ಬೊಗಸೆಯಲ್ಲಿ ತಂದು ಚಂದ್ರಂಕಿಯ ಸುರುಳಿಯಲ್ಲಿ ತೆಳ್ಳಗೆ ಹರಡಿದರು. ಮಧ್ಯಾಹ್ನ ಎರಡು ಕ್ಯಾಚು ಬಿಟ್ಟ ವಿಕೆಟ್ ಕೀಪರ್ ಒಂದು ಹುಳುವನ್ನೂ ಕೆಳಗೆ ಬೀಳಿಸಲಿಲ್ಲ.

ರಾತ್ರಿ ಮುದ್ದೆ, ಉಪ್ಪುಸಾರು ಉಂಡು ಎಲ್ಲರೂ ಹೋದ ಮೇಲೆ ಅತ್ತೆ ಕೇಳಿದರು: “ಶುಕ್ರವಾರ ಗೂಡು ಬಿಡಿಸ್ಬೇಕು. ಅವತ್ತು ಯಾವ ಮ್ಯಾಚೂ ಇಲ್ವಲ್ಲ?”

“ಯಾವ್ದೂ ಇಲ್ಲ,” ಎಂದರು ಮಾವ. ಸ್ವಲ್ಪ ಹೊತ್ತು ಬಿಟ್ಟು, ಫೋನು ನೋಡುತ್ತ, “ಚಿಂತಾಮಣಿಲಿ ಒಂದು ನಾಮಕರಣ ಐತೆ. ನಿಮ್ಮ ಕಡೆಯೋರ್ದೇ.”