ಮಹಡಿ ಮೇಲಿನದಕ್ಕೆ ಕೆಳಗಿನದು ಕಾಣ್ತಿಲ್ಲ

ಏನಕ್ಕಾ, ಬೆಳಗ್ಗಿಂದ ಪುಟ್ಟಿ ಪೆನ್‌ಡ್ರೈವ್ ಹಿಡ್ಕೊಂಡು ಮೆಟ್ಟಿಲು ಹತ್ತಿ ಇಳೀತಾನೇ ಇದ್ದಾಳೆ? ಓ, ಭಾವನವರ ಹಳೇ ಕಂಪ್ಯೂಟರಲ್ಲಿರೋ ಮದುವೆ ಫೋಟೋ ಅವಳ ಲ್ಯಾಪ್‌ಟಾಪಿಗೆ ಬೇಕಂತಾ. ಎರಡರಲ್ಲೂ ಇಂಟರ್ನೆಟ್ ಬರುತ್ತೆ, ಒಂದಕ್ಕೊಂದು ಮಾತ್ರ ಕಾಣಲ್ಲ ಅಂತೀರಿ. ರಿಪೇರಿ ಹುಡುಗ ಬಂದು ಏನು ಮಾಡಿದ? ಎರಡರಲ್ಲೂ ಫೈರ್‌ವಾಲ್ ಆಫ್ ಮಾಡಿ ಹೋದ್ನಾ! ಅದೊಂದು ಕೆಲಸ ಮಾಡಬಾರದಿತ್ತು ಅಕ್ಕ. ಆಫ್ ಮಾಡಿದ ಮೇಲೂ ಕಾಣಲಿಲ್ಲ ತಾನೇ? ಅಂದ್ಮೇಲೆ ತೊಂದರೆ ಇನ್ನೂ ಕೆಳಗೇ ಇದೆ. ಬುಡದಿಂದ ನೋಡ್ಕೊಂಡು ಬರಬೇಕು.

ಇಂಟರ್ನೆಟ್ ಬಂದ ಮಾತ್ರಕ್ಕೆ ಎರಡೂ ಒಂದೇ ನೆಟ್‌ವರ್ಕಲ್ಲಿವೆ ಅಂತ ಹೇಳೋಕಾಗಲ್ಲ. ಪುಟ್ಟಿಗೆ ಹೇಳಿ, ಎರಡರಲ್ಲೂ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ ಅಂತ ಟೈಪ್ ಮಾಡ್ಲಿ. ಐಪಿವಿ4 ಅನ್ನೋ ಸಾಲಲ್ಲಿ ನಂಬರ್ ಬರುತ್ತೆ. 169.254 ಅಂತ ಶುರುವಾಗಿದ್ರೆ ಆ ಯಂತ್ರಕ್ಕೆ ರೂಟರಿಂದ ಅಡ್ರೆಸ್ ಸಿಕ್ಕಿಲ್ಲ, ತಾನೇ ಒಂದು ಹಾಕ್ಕೊಂಡಿದೆ ಅಂತ ತಿಳ್ಕೊಳ್ಳಿ. ವೈರೋ ವೈಫೈಯೋ ನೋಡಬೇಕು. ನಿಮ್ಮನೇಲಿ ಅದಿರಲಾರದು, ಇಂಟರ್ನೆಟ್ ಬರ್ತಿದೆಯಲ್ಲ.

ನನಗೆ ಅನುಮಾನ ಇರೋದು ಮಹಡಿ ಮೇಲಿನ ರೂಟರ್ ಮೇಲೆ. ಸಿಗ್ನಲ್ ಸಿಗಲ್ಲ ಅಂತ ಆಮೇಲೆ ತಂದು ಹಾಕ್ಸಿದ್ರಲ್ಲ, ಅದು. ಕೆಳಗೆ ಫೈಬರಿನವರು ಕೊಟ್ಟ ಡಬ್ಬ 192.168.1 ಅಂತ ಅಡ್ರೆಸ್ ಹಂಚ್ತಿರುತ್ತೆ. ಮೇಲಿನದು ತನ್ನ ಪಾಡಿಗೆ 192.168.0 ಅಂತ ಹಂಚ್ತಿರುತ್ತೆ. ಹೊರಗಿನ ಇಂಟರ್ನೆಟ್ಟಿಗೆ ಇದರಿಂದ ಅಡ್ಡಿಯಿಲ್ಲ. ಮನೆಯೊಳಗೆ ಮಾತ್ರ ಲ್ಯಾಪ್‌ಟಾಪು ಹಿಂದಿನ ಬೀದಿಯಲ್ಲಿ ಬೇರೆ ಮನೆ ಮಾಡ್ಕೊಂಡ ಹಾಗೆ. ಒಂದರ ಹೆಸರು ಇನ್ನೊಂದರ ನೆಟ್‌ವರ್ಕ್ ಪಟ್ಟಿಯಲ್ಲಿ ಬರೋದೇ ಇಲ್ಲ. ಮೇಲಿನ ರೂಟರನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದ್ರೆ ಅದು ಅಡ್ರೆಸ್ ಹಂಚೋದನ್ನ ಬಿಟ್ಟು ಬರೀ ವೈಫೈ ಕೊಡುತ್ತೆ. ಲ್ಯಾಪ್‌ಟಾಪು ಗೆಸ್ಟ್ ವೈಫೈಗೆ ಸೇರ್ಕೊಂಡಿದ್ಯಾ ಅಂತಲೂ ನೋಡ್ಲಿ. ಗೆಸ್ಟ್ ಇರೋದೇ ಮನೆಯ ಯಂತ್ರಗಳಿಂದ ದೂರ ಇಡೋಕೆ.

ಎರಡರ ನಂಬರೂ ಒಂದೇ ಸಾಲಿಗೆ ಬಂದ್ಮೇಲೆ ಒಂದರಿಂದ ಇನ್ನೊಂದಕ್ಕೆ ಪಿಂಗ್ ಕಳಿಸ್ಬೇಕು. ಮೈಕ್ ಮೂಸ್ ಅನ್ನೋ ಅಮೆರಿಕದವರು 1983ರ ಡಿಸೆಂಬರಲ್ಲಿ ಬರೆದ ಪುಟ್ಟ ಪ್ರೋಗ್ರಾಮ್ ಅದು. ಅವರ ನೆಟ್‌ವರ್ಕೂ ಹೀಗೇ ಕೈಕೊಟ್ಟಿತ್ತಂತೆ! ಇವತ್ತಿಗೂ ಎಲ್ಲರೂ ಮೊದಲು ಹಿಡಿಯೋದು ಅದನ್ನೇ. ಅದರ ಉತ್ತರವನ್ನ ಸರಿಯಾಗಿ ಓದಬೇಕು. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಅಂದ್ರೆ ಆ ಯಂತ್ರ ಸಿಗಲೇ ಇಲ್ಲ, ದಾರಿ ನೋಡಿ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಅಂದ್ರೆ ಬಹಳ ಸಲ ಯಂತ್ರ ಅಲ್ಲೇ ಇರುತ್ತೆ, ಅದರ ಫೈರ್‌ವಾಲ್ ಉತ್ತರ ಕೊಡೋಕೆ ಬಿಡ್ತಿರಲ್ಲ.

ಹಾಗಂತ ಫೈರ್‌ವಾಲನ್ನೇ ಆರಿಸ್ಬೇಕಾಗಿಲ್ಲ ಅಕ್ಕ. ಸೆಟ್ಟಿಂಗ್ಸಲ್ಲಿ ಮನೆಯ ನೆಟ್‌ವರ್ಕನ್ನ ಪಬ್ಲಿಕ್‌ನಿಂದ ಪ್ರೈವೇಟ್ ಮಾಡಿ, ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿದ್ರೆ ಬೇಕಾದಷ್ಟು ದಾರಿ ತಾನೇ ಬಿಡುತ್ತೆ. ಆಮೇಲೆ ಫೋಟೋ ಫೋಲ್ಡರನ್ನ ಶೇರ್ ಮಾಡಿ, ಆಚೆ ಕಡೆ ಫೈಲ್ ಎಕ್ಸ್‌ಪ್ಲೋರರಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಭಾವನವರ ಕಂಪ್ಯೂಟರಿನ ಐಪಿವಿ4 ನಂಬರ್ ಕೊಟ್ಟರೆ ಸಾಕು.

ಅಲ್ಲಿ ಪಾಸ್‌ವರ್ಡ್ ಕೇಳುತ್ತೆ. ತುಂಬ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಭಾವನವರು ದಿನಾ ಒತ್ತೋ ನಾಲ್ಕಂಕಿ ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕಿಂದ ಬರೋವಾಗ ಆ ಅಕೌಂಟಿನ ಪೂರ್ತಿ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಟ್ಟಿಲ್ಲ ಅಂದ್ರೆ ವಿಂಡೋಸ್ ಒಳಗೇ ಬಿಡಲ್ಲ, ಒಂದು ಇಡ್ಬೇಕು.

ಇಷ್ಟೊಂದು ತಕರಾರು ಯಾಕೆ ಅಂತೀರಾ? 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ಕೇಡಿನ ಪ್ರೋಗ್ರಾಮ್ ಹರಡಿತ್ತಲ್ಲ, ಬ್ರಿಟನ್ನಿನಲ್ಲಿ ಆಸ್ಪತ್ರೆಗಳೇ ರೋಗಿಗಳನ್ನ ವಾಪಸ್ ಕಳಿಸಿದ್ವು. ಅದು ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಹಾರಿದ್ದು ಇದೇ ಫೈಲ್ ಶೇರಿಂಗಿನ ಹಳೇ ಲೋಪ ಹಿಡ್ಕೊಂಡು. ಯಾರೂ ಏನೂ ಒತ್ತಬೇಕಿರಲಿಲ್ಲ. ಆ ಲೋಪಕ್ಕೆ ಮಾರ್ಚಲ್ಲೇ ಅಪ್‌ಡೇಟ್ ಬಂದಿತ್ತು, ಹಾಕ್ಕೊಳ್ಳದವರು ಪೆಟ್ಟು ತಿಂದ್ರು. ಭಾವನವರದು ವಿಂಡೋಸ್ 10 ಅಲ್ವಾ? ಅದಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು. ಅಂಥ ಯಂತ್ರಕ್ಕೆ ಫೈರ್‌ವಾಲೂ ಇಲ್ಲ ಅಂದ್ರೆ ಹೇಗೆ ಹೇಳಿ.

ಫೋಟೋ ನಾಳೆ ಹೋದ್ರೂ ನಡೆಯುತ್ತೆ. ಇವತ್ತು ರಾತ್ರಿ ಮಲಗೋ ಮುಂಚೆ ಎರಡರಲ್ಲೂ ಆ ಫೈರ್‌ವಾಲ್ ಆನ್ ಮಾಡ್ಸಿಬಿಡಿ ಅಕ್ಕ.