ಅರ್ಧ ಮಾರ್ಕಿನ ಸಂಧಿ

ವಿಜಯವಾಡದ ಭವಾನಿಪುರಂನಲ್ಲಿ ನಮ್ಮದು ಮೂರನೇ ಮಹಡಿಯ ಬಾಡಿಗೆ ಮನೆ. ಒಂದು ಸಂಜೆ ಆರನೇ ಕ್ಲಾಸಿನ ಮಗಳು ಇಂಗ್ಲಿಷ್ ಪೇಪರ್ ಹಿಡಿದು ಬಂದವಳೇ ಬ್ಯಾಗನ್ನು ಸೋಫಾಕ್ಕೆ ಎಸೆದಳು. 20ಕ್ಕೆ ಹತ್ತೊಂಬತ್ತೂವರೆ. ಉಳಿದರ್ಧ ಮಾರ್ಕು ‘ಕ್ಯಾನ್’ಗೂ ‘ನಾಟ್’ಗೂ ನಡುವಿನ ಸಂದಿಯಲ್ಲಿ ಬಿದ್ದುಹೋಗಿತ್ತು. ಇವಳು ಬಿಡಿಸಿ ಬರೆದಿದ್ದಳು; ಟೀಚರು ಕೆಂಪು ಶಾಯಿಯಲ್ಲಿ ಎರಡರ ನಡುವೆ ಸೇತುವೆ ಕಟ್ಟಿದ್ದರು. 1957ರಲ್ಲಿ ಮುಗಿದ ನಮ್ಮ ಪ್ರಕಾಶಂ ಬ್ಯಾರೇಜಿಗೂ ಅಷ್ಟು ಗಟ್ಟಿ ಗೀಟು ಎಳೆದಿರಲಾರರು.

“ವಿಲ್ ನಾಟ್ ಎರಡು ಪದ, ಶುಡ್ ನಾಟ್ ಎರಡು ಪದ. ಇದೊಂದಕ್ಕೆ ಯಾಕಪ್ಪ ಮದುವೆ ಮಾಡಿದ್ರು?”

ನಾನು ಬ್ಯಾಂಕಿನವನು. ಗೊತ್ತಿಲ್ಲ ಎನ್ನುವುದು ನಮ್ಮ ಕೌಂಟರಿನಲ್ಲಿ ಇಲ್ಲ. “ಕೂಡಿಸಿ ಬರೆಯೋದೇ ರೂಢಿ. ‘ಹಾಡುವುದಷ್ಟೇ ಅಲ್ಲ, ಕುಣಿಯಲೂ ಬಲ್ಲಳು’ ಅನ್ನುವಾಗ ಮಾತ್ರ ನಾಟು ಮುಂದಿನ ಓನ್ಲಿಗೆ ಸೇರಿದ್ದು, ಅಲ್ಲಿ ಬಿಡಿಸಬೇಕು. ಸುಮ್ಮಸುಮ್ಮನೆ ಬಿಡಿಸಿದರೆ ‘ಬರಲಾರೆ’ ಅನ್ನೋದು ‘ಬರದೇ ಇರಬಲ್ಲೆ’ ಅಂತಲೂ ಆಗಬಹುದು” ಎಂದೆ.

ಅಷ್ಟು ಹೇಳಬಾರದಿತ್ತು. ಅಡುಗೆಮನೆಯಿಂದ ಹೆಂಡತಿ ಸೌಟಿನ ಸಮೇತ ಬಂದಳು. “ನಿಮ್ಮ ತಮ್ಮ ಗೃಹಪ್ರವೇಶಕ್ಕೆ ಬರಲ್ಲ ಅಂತ ಮೆಸೇಜ್ ಹಾಕಿದ್ದರಲ್ಲ, ಅದು ಕೂಡಿಸಿದ್ದೋ ಬಿಡಿಸಿದ್ದೋ?” ಫೋನು ತೆರೆದು ನೋಡಿದರೆ, ಬಿಡಿಸಿದ್ದು. “ನೋಡಿ! ಬರೋಕೆ ಆಗ್ತಿತ್ತು. ಬರಲಿಲ್ಲ!” ಆರು ತಿಂಗಳ ಹಿಂದೆ ಆರಿದ್ದ ಒಲೆ ಒಂದೇ ಒಂದು ಸ್ಪೇಸಿನಿಂದ ಮತ್ತೆ ಹೊತ್ತಿಕೊಂಡಿತು.

ಹೊಸಪೇಟೆಯಿಂದ ಬಂದಿದ್ದ ಅವ್ವ ಜಪದ ಮಣಿ ಪಕ್ಕಕ್ಕಿಟ್ಟಳು. “ಏನ್ ಗದ್ದಲರೋ ಅದು? ನಾವು ‘ಆಗಂಗಿಲ್ಲ’ ಅಂತೀವಿ, ಮುಗೀತು.” ಬೆರಳು ಮಡಿಚಿ ಲೆಕ್ಕ ಹಾಕಿದೆ: ಆಗುವ, ಹಾಂಗ, ಇಲ್ಲ. ಇಂಗ್ಲಿಷರು ಎರಡನ್ನು ಅಂಟಿಸಿ ಬೀಗಿದರೆ ಅವ್ವ ಮೂರನ್ನು ಉಸಿರು ಬಿಡದೆ ಅಂಟಿಸಿದ್ದಳು. ಗೋಂಗೂರ ಪಚ್ಚಡಿ ಕೊಡಲು ಬಂದ ಪಕ್ಕದ ಮನೆ ಆಂಟಿಯೂ ಪಂಚಾಯ್ತಿಗೆ ಕೂತರು. ಅವರದು ‘ಚೇಯಲೇನು’. ಮಾಡುವುದು, ಆಗದಿರುವುದು, ಮಾಡಲಾರದ ‘ನಾನು’, ಎಲ್ಲ ಒಂದೇ ಡಬ್ಬಿಯಲ್ಲಿ. ಅವನು ಮಾಡಲಾರದಿದ್ದರೆ ‘ಚೇಯಲೇಡು’. ನಮ್ಮ ‘ಮಾಡಲಾರೆ, ಮಾಡಲಾರ’ ಕೂಡ ಹಾಗೇ. ಆಗದು ಎನ್ನುವ ವಿಷಯದಲ್ಲಿ ಕನ್ನಡ, ತೆಲುಗಿಗೆ ಯಾವ ಜಗಳವೂ ಇಲ್ಲ.

ಮರುದಿನ ಮಗಳಿಗೆ ಸಮಾಧಾನ ಮಾಡಲು ಪುನ್ನಮಿ ಘಾಟಿಗೆ ಕರೆದೊಯ್ದೆ. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯಿಂದಲೇ ಶುರು ಮಾಡುತ್ತಾನೆ, ಮಾಡಲು ಮತ್ತು ಆರೆ ಸೇರಿದಾಗ ನಡುವಿನ ಉಕಾರ ಹೋದರೆ ಅದು ಲೋಪಸಂಧಿ ಎಂದೆಲ್ಲ ಕೊರೆದೆ. ಅವಳು ಐಸ್‌ಕ್ರೀಂ ನೆಕ್ಕುತ್ತಿದ್ದಳು. ಅವ್ವ ಹೊಳೆ ನೋಡುತ್ತ, “ಇದು ನಮ್ಮೂರ ನೀರು” ಎಂದಳು. ನಿಜವೇ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಒಂದೇ ಪದವಾಗಿ, ಹೊಸಪೇಟೆಯ ಡ್ಯಾಮಿನಲ್ಲಿ ನಿಂತು, ಮುಂದೆ ಕೃಷ್ಣೆಗೆ ಸೇರುವಾಗ ತನ್ನ ಹೆಸರನ್ನೇ ಕಳೆದುಕೊಂಡು ಇಲ್ಲಿಗೆ ಬರುತ್ತದೆ. ಅಸಲಿ ಲೋಪಸಂಧಿ! ಟ್ರಾನ್ಸ್‌ಫರ್ ಆರ್ಡರೂ ಇಲ್ಲ, ಅರ್ಧ ಮಾರ್ಕಿನ ದಂಡವೂ ಇಲ್ಲ.

ವಾರದ ನಂತರ ಅವ್ವನನ್ನು ಅಮರಾವತಿ ಎಕ್ಸ್‌ಪ್ರೆಸ್ ಹತ್ತಿಸಲು ಹೋದೆವು. ಇನ್ನೊಂದು ನಾಲ್ಕು ದಿನ ಇರು ಎಂದರೆ ಅದೇ ‘ಆಗಂಗಿಲ್ಲ’. ಕಿಟಕಿಯಿಂದ ಕೈ ಚಾಚಿ ಮೊಮ್ಮಗಳ ಕೆನ್ನೆ ಸವರಿ, “ಹೋಗ್ಬರ್ತೀನವ್ವಾ” ಎಂದಳು. ಬಂದಿದ್ದ ಆಂಟಿ, “ನಾವೂ ವೆಳ್ಳೊಸ್ತಾನು ಅಂತೀವಿ, ಒಂದೇ ಮಾತು” ಎಂದು ತಮ್ಮ ಅರ್ಧ ಕನ್ನಡದಲ್ಲಿ ಖುಷಿಪಟ್ಟರು.

ಮಗಳ ತಲೆಯಲ್ಲಿ ಅರ್ಧ ಮಾರ್ಕು ಇನ್ನೂ ಕೊರೆಯುತ್ತಿತ್ತು. “ಅಜ್ಜಿ, ಇದು ಒಂದು ಪದಾನಾ, ಎರಡಾ? ಹೋಗಿ, ಬರ್ತೀನಿ ಅಂತ ಬಿಡಿಸಿ ಬರೀಬೇಕಾ?”

ಗಾಡಿ ಅಲುಗಿತು.

“ಬಿಡಿಸಬ್ಯಾಡ ಕೂಸೇ” ಎಂದಳು ಅವ್ವ. “ಬಿಡಿಸಿದ್ರ ಹೋಗೂದು ಒಂದೇ ಉಳಿತೈತಿ.”